ಕಡಲಾಚೆಯ ಸೊಸೆಯರು

ಹೆಣ್ಣು ತವರನ್ನು ಬಿಟ್ಟು ದೂರದ ಊರಿಗೆ ಬರುವುದು ನಮಗೆ ಹೊಸ ಸಂಗತಿಯಲ್ಲ. ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಹಿರಿಯ ಹೆಂಗಸರನ್ನು ಮಾತನಾಡಿಸಿ ನೋಡಿರಿ. ಬಹುಮಂದಿಯ ಕಥೆ ಒಂದು ರೈಲು ನಿಲ್ದಾಣದಿಂದಲೇ ಆರಂಭವಾಗುತ್ತದೆ. ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ತಾಯಿ ಕಟ್ಟಿಕೊಟ್ಟ ಬುತ್ತಿ, ಪಕ್ಕದಲ್ಲಿ ಇನ್ನೂ ಪೂರ್ತಿ ಪರಿಚಯವಾಗದ ಗಂಡ. ಇಳಿದ ಊರಿನಲ್ಲಿ ಮಾತು ಬೇರೆ, ನೀರು ಬೇರೆ, ಅಂಗಡಿಯವನು ಕಟ್ಟಿಕೊಡುವ ಅಕ್ಕಿ ಬೇಳೆಯ ರುಚಿಯೂ ಬೇರೆ. “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು” ಎಂದು ನಮ್ಮ ಗಾದೆ. ಹೊರಗಾಗುವುದು ಯಾವಾಗ ಎಂಬುದನ್ನು ಗಾದೆ ಹೇಳಿತು. ಆದರೆ ಹೋದ ಮನೆಗೆ, ಹೋದ ನಾಡಿಗೆ ಅವಳು ಒಳಗಿನವಳಾಗುವುದು ಯಾವಾಗ? ಅದನ್ನು ಗಾದೆ ಹೇಳುವುದಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ಪ್ರಶ್ನೆ ಬ್ರಿಟನ್ನಿನ ಹತ್ತಾರು ಸಾವಿರ ತರುಣಿಯರ ಮುಂದೆ ಒಮ್ಮೆಲೇ ಬಂದು ನಿಂತಿತು. ತಮ್ಮ ನೆಲಕ್ಕೆ ಬಂದ ಪರದೇಶದ ಸೈನಿಕರನ್ನು ಮದುವೆಯಾಗಿ, ಯುದ್ಧ ಮುಗಿದ ಮೇಲೆ ಗಂಡಂದಿರ ನಾಡಿಗೆ ಹೊರಟ ಹೆಣ್ಣುಮಕ್ಕಳು ಅವರು. ಇಂಗ್ಲಿಷಿನಲ್ಲಿ ಅವರನ್ನು ‘ವಾರ್ ಬ್ರೈಡ್’ ಎಂದು ಕರೆದರು; ನಾವು ಯುದ್ಧವಧುಗಳು ಎನ್ನಬಹುದು. ಅಮೆರಿಕಕ್ಕೆ ಹೋದವರೂ ಉಂಟು, ಆಸ್ಟ್ರೇಲಿಯಕ್ಕೆ ಹೋದವರೂ ಉಂಟು. ಈ ಲೇಖನದಲ್ಲಿ ಮುಖ್ಯವಾಗಿ ಕೆನಡಾ ದೇಶದ ಸೊಸೆಯರಾದವರ ಬಾಳನ್ನು ನೋಡೋಣ. ಏಕೆಂದರೆ ಅವರನ್ನು ಕರೆದುಕೊಂಡು ಹೋದದ್ದು ಒಬ್ಬೊಬ್ಬ ಗಂಡನಲ್ಲ, ಒಂದು ಸರ್ಕಾರವೇ ಮುಂದೆ ನಿಂತು ಕರೆದುಕೊಂಡು ಹೋಯಿತು. ಹಾಗಿದ್ದೂ ಅವರಲ್ಲಿ ಕೆಲವರಿಗೆ “ನೀನು ನಮ್ಮವಳು” ಎಂಬ ಮಾತು ಕೇಳಿಬರಲು ಅರವತ್ತು ಎಪ್ಪತ್ತು ವರ್ಷಗಳೇ ಬೇಕಾದವು.

೧೯೩೯ನೆಯ ಸೆಪ್ಟೆಂಬರ್ ೧೦ರಂದು ಕೆನಡಾ ಜರ್ಮನಿಯ ಮೇಲೆ ಯುದ್ಧ ಸಾರಿತು. ಆ ವರ್ಷದ ಡಿಸೆಂಬರಿನಲ್ಲಿಯೇ ಅದರ ಮೊದಲ ಪಡೆಗಳು ಬ್ರಿಟನ್ನಿಗೆ ಬಂದಿಳಿದು ಆಲ್ಡರ್‌ಶಾಟಿನ ಸೈನ್ಯದ ಬಿಡಾರಗಳಲ್ಲಿ ನೆಲೆಸಿದವು. ಯುದ್ಧ ಮುಗಿಯುವುದರೊಳಗೆ ಹೆಚ್ಚುಕಡಿಮೆ ಐದು ಲಕ್ಷ ಕೆನಡಿಯನ್ನರು ಬ್ರಿಟನ್ನಿನ ಮೂಲಕ ಹಾದುಹೋದರು. ಅವರು ಬಂದವರು ಬೇಗನೆ ರಣರಂಗಕ್ಕೆ ಹೋಗಲಿಲ್ಲ. ೧೯೪೦ರಲ್ಲಿ ಫ್ರಾನ್ಸ್ ಬಿದ್ದ ಮೇಲೆ, ಶತ್ರು ಕಡಲು ದಾಟಿ ಬಂದರೆ ತಡೆಯುವ ಕೆಲಸ ಅವರ ಪಾಲಿಗೆ ಬಂದಿತು. ಶತ್ರು ಬರಲಿಲ್ಲ, ಅವರು ಕಾಯುತ್ತ ಕುಳಿತರು. ೧೯೪೨ನೆಯ ಆಗಸ್ಟ್ ೧೯ರಂದು ಡಿಯೆಪ್ ಎಂಬ ಫ್ರೆಂಚ್ ರೇವಿನ ಮೇಲೆ ನಡೆದ ದಾಳಿಯಲ್ಲಿ ಸುಮಾರು ಐದು ಸಾವಿರ ಕೆನಡಿಯನ್ನರು ಪಾಲ್ಗೊಂಡು, ಒಂಬೈನೂರಕ್ಕೂ ಹೆಚ್ಚು ಮಂದಿ ಸತ್ತರು. ಇದನ್ನು ಬಿಟ್ಟರೆ, ೧೯೪೩ನೆಯ ಜುಲೈಯಲ್ಲಿ ಸಿಸಿಲಿಯ ಯುದ್ಧ ಆರಂಭವಾಗುವವರೆಗೆ ಬ್ರಿಟನ್ನಿನಲ್ಲಿದ್ದ ಆ ಸೈನ್ಯದ ಬಹುಭಾಗಕ್ಕೆ ಕವಾಯತು ಮಾಡುವುದೂ ಕಾಯುವುದೂ ಬಿಟ್ಟು ಬೇರೆ ಕೆಲಸವಿರಲಿಲ್ಲ.

ಇಷ್ಟೊಂದು ಮದುವೆಗಳು ನಡೆದದ್ದರ ಕಾರಣ ಇಲ್ಲಿಯೇ ಇದೆ. ಮೂರು ನಾಲ್ಕು ವರ್ಷ ಒಂದೇ ಸೀಮೆಯಲ್ಲಿ ಉಳಿದ ಸೈನಿಕ ಅತಿಥಿಯಾಗಿ ಉಳಿಯುವುದಿಲ್ಲ, ನೆರೆಯವನಾಗುತ್ತಾನೆ. ಅತ್ತ ಬ್ರಿಟನ್ನಿನ ಹೆಣ್ಣುಮಕ್ಕಳೂ ಮನೆಯ ಹೊಸ್ತಿಲು ದಾಟಿ ಹೊರಗೆ ಬಂದಿದ್ದರು. ೧೯೪೧ನೆಯ ಡಿಸೆಂಬರಿನ ಕಾಯಿದೆಯಿಂದ ಇಪ್ಪತ್ತರಿಂದ ಮೂವತ್ತು ವರ್ಷದೊಳಗಿನ ಅವಿವಾಹಿತ ಸ್ತ್ರೀಯರನ್ನು ಯುದ್ಧಸೇವೆಗೆ ಕರೆಯಲು ಸರ್ಕಾರಕ್ಕೆ ಅಧಿಕಾರ ದೊರೆಯಿತು. ಕೆಲವರು ಸೈನ್ಯದ ಮಹಿಳಾ ದಳಗಳನ್ನು ಸೇರಿದರು, ಕೆಲವರು ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದರು, ಇನ್ನು ಕೆಲವರು ಗದ್ದೆಗಿಳಿದು ಟ್ರ್ಯಾಕ್ಟರ್ ಓಡಿಸಿದರು. ಹಗಲೆಲ್ಲ ದುಡಿತ, ರಾತ್ರಿ ಬಾಂಬಿನ ಭಯ, ಬೀದಿಯಲ್ಲಿ ಒಂದು ದೀಪವೂ ಕಾಣದ ಕತ್ತಲು. ಈ ನಡುವೆ ಶನಿವಾರದ ಸಂಜೆ ಊರಿನ ಸಭಾಭವನದಲ್ಲಿ ನಡೆಯುವ ನೃತ್ಯಕೂಟವೊಂದೇ ಮನಸ್ಸಿಗೆ ಹಗುರ. ಅಲ್ಲಿ ಪರಿಚಯ, ಕೆಲವು ವಾರಗಳ ಒಡನಾಟ, ನಾಳೆ ಏನಾಗುವುದೋ ಎಂಬ ಆತುರ. ಕೆನಡಾದ ಸೈನಿಕನೊಬ್ಬನ ಮೊದಲ ಮದುವೆ ೧೯೪೦ನೆಯ ಜನವರಿ ತಿಂಗಳಲ್ಲಿಯೇ, ಪಡೆಗಳು ಬಂದ ಒಂದೂವರೆ ತಿಂಗಳೊಳಗೆ, ಆಲ್ಡರ್‌ಶಾಟಿನ ಸಮೀಪದ ಫಾರ್ನ್‌ಬರೋ ಎಂಬ ಊರಿನ ಇಗರ್ಜಿಯಲ್ಲಿ ನಡೆಯಿತು.

ಮದುವೆಯೇನೂ ಸುಲಭವಾಗಿರಲಿಲ್ಲ. ಸೈನಿಕನಿಗೆ ಮೇಲಧಿಕಾರಿಯ ಅಪ್ಪಣೆ ಬೇಕು. ಪಾದ್ರಿಯ ವಿಚಾರಣೆಗೆ ಉತ್ತರ ಕೊಡಬೇಕು. ಹುಡುಗಿಗೆ ಇಪ್ಪತ್ತೊಂದು ತುಂಬಿರದಿದ್ದರೆ ತಂದೆತಾಯಿಗಳ ಸಮ್ಮತಿ ಬೇಕು. ಬಹಳ ತಂದೆಯರು ಮೊದಲು ಒಲ್ಲೆನೆಂದರು. ಹುಡುಗ ಕೆಟ್ಟವನೆಂದಲ್ಲ, ಮಗಳು ಮೂರು ಸಾವಿರ ಮೈಲಿ ದೂರ ಹೋಗುವಳೆಂದು. ಅಪ್ಪಣೆಯೆಲ್ಲ ಸಿಕ್ಕಿದ ಮೇಲೆ ಸಾಮಾನಿನ ಪಾಡು. ೧೯೪೧ನೆಯ ಜೂನ್ ೧ರಿಂದ ಬಟ್ಟೆಗೂ ರೇಷನ್ ಬಂದಿತ್ತು. ನೆಂಟರಿಷ್ಟರು ತಮ್ಮ ಕೂಪನ್ನುಗಳನ್ನು ಕೂಡಿಸಿ ಕೊಡುವರು. ಇಲ್ಲವೇ ಒಂದೇ ಬಿಳಿಯ ಉಡುಪನ್ನು ಒಬ್ಬಳಾದ ಮೇಲೆ ಒಬ್ಬಳು ಎರವಲು ಪಡೆದು ಉಡುವರು. ಕೇಕಿನ ಮೇಲೆ ಸಕ್ಕರೆಯ ಲೇಪ ಹಾಕುವುದನ್ನು ೧೯೪೦ರಲ್ಲಿ ಸರ್ಕಾರವೇ ನಿಷೇಧಿಸಿತ್ತು. ಆದ್ದರಿಂದ ಅಂಗಡಿಯಿಂದ ರಟ್ಟಿನಿಂದ ಮಾಡಿದ ಬೆಳ್ಳನೆಯ ಮೂರಂತಸ್ತಿನ ಕೇಕನ್ನು ಬಾಡಿಗೆಗೆ ತಂದು ಮೇಜಿನ ಮೇಲಿಡುವರು. ಫೋಟೋ ತೆಗೆದಾದ ಮೇಲೆ ಅದನ್ನೆತ್ತಿದರೆ ಒಳಗೆ ಅಂಗೈಯಗಲದ ನಿಜವಾದ ಕೇಕು. ನಾಲ್ಕಾರು ದಿನದ ರಜೆ ಮುಗಿದೊಡನೆ ಗಂಡ ದಂಡಿಗೆ, ಹೆಂಡತಿ ತವರಿಗೆ. ಎಷ್ಟೋ ಮದುವೆಗಳಲ್ಲಿ ಗಂಡಹೆಂಡಿರು ಒಂದು ಸೂರಿನಡಿ ಕಳೆದ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದಾಗಿತ್ತು.

ಹೀಗೆ ೧೯೪೬ನೆಯ ಇಸವಿ ಮುಗಿಯುವ ವೇಳೆಗೆ ಕೆನಡಾದ ಸೈನಿಕರು ಕೈಹಿಡಿದ ಪರದೇಶದ ವಧುಗಳ ಸಂಖ್ಯೆ ೪೭,೭೮೩; ಅವರ ಮಕ್ಕಳು ೨೧,೯೫೦. ವಧುಗಳಲ್ಲಿ ೪೪,೮೮೬ ಮಂದಿ ಬ್ರಿಟನ್ನಿನವರು. ಉಳಿದವರಲ್ಲಿ ಹೆಚ್ಚಿನವರು ಹಾಲೆಂಡ್ ಮತ್ತು ಬೆಲ್ಜಿಯಮ್ಮಿನವರು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿಯೂ ಐವತ್ತು ಸಾವಿರಕ್ಕೂ ಮೇಲ್ಪಟ್ಟು ಹೆಂಡಿರು ಮಕ್ಕಳು ಹೀಗೆಯೇ ಸೈನ್ಯದೊಡನೆ ಕೆನಡಾಕ್ಕೆ ಹೋಗಿದ್ದರು. ಆದುದರಿಂದ ಆ ದೇಶಕ್ಕೆ ಇದು ಪೂರ್ತಿ ಹೊಸತಲ್ಲ. ೧೯೪೨ರಿಂದ ೧೯೪೮ರವರೆಗೆ ೪೩,೪೫೪ ಸ್ತ್ರೀಯರನ್ನೂ ೨೦,೯೯೭ ಮಕ್ಕಳನ್ನೂ ಕೆನಡಾ ಸರ್ಕಾರ ತನ್ನ ಖರ್ಚಿನಲ್ಲಿಯೇ ಕರೆಸಿಕೊಂಡಿತು. ೧೯೪೪ರಲ್ಲಿ ಇದಕ್ಕಾಗಿಯೇ ಲಂಡನ್ನಿನಲ್ಲಿ ‘ಕೆನಡಿಯನ್ ವೈವ್ಸ್ ಬ್ಯೂರೊ’ ಎಂಬ ಕಚೇರಿಯನ್ನು ತೆರೆಯಲಾಯಿತು. ಅದರ ಕೆಲಸ ಟಿಕೆಟು ಕೊಡುವುದಷ್ಟೇ ಅಲ್ಲ. ಆ ದೇಶದ ಹಣ, ಹವಾಮಾನ, ಶಾಲೆ, ಅಡಿಗೆ ಇವುಗಳನ್ನು ಕುರಿತು ಹೇಳಿಕೊಡುವುದು, ಪುಸ್ತಿಕೆಗಳನ್ನು ಹಂಚುವುದು, ಹೋಗುವವಳಿಗೆ ಧೈರ್ಯ ಹೇಳುವುದು. ಬ್ರಿಟಿಷ್ ವಧುಗಳಿಗೆಂದೇ ಒಂದು ಅಡಿಗೆಯ ಪುಸ್ತಕ ಕೂಡ ಅಚ್ಚಾಯಿತು.

ಅಮೆರಿಕದವರ ಕಥೆಯನ್ನೂ ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಅಲ್ಲಿ ೧೯೪೫ನೆಯ ಡಿಸೆಂಬರ್ ೨೮ರಂದು ಯುದ್ಧವಧುಗಳಿಗಾಗಿಯೇ ಒಂದು ಕಾಯಿದೆಯಾಯಿತು. ಮರುತಿಂಗಳು ೨೬ರಂದು ‘ಅರ್ಜೆಂಟೀನಾ’ ಎಂಬ ಹಡಗು ಸುಮಾರು ನಾನೂರೈವತ್ತು ವಧುಗಳನ್ನು ಹೊತ್ತು ಸೌತಾಂಪ್ಟನ್ನಿನಿಂದ ಹೊರಟಿತು. ಆದರೆ ಈ ಸಂಭ್ರಮದಲ್ಲಿ ಎಲ್ಲರಿಗೂ ಪಾಲಿರಲಿಲ್ಲ. ಅಮೆರಿಕದ ಕರಿಯ ಸೈನಿಕರನ್ನು ಪ್ರೀತಿಸಿದ ಬ್ರಿಟಿಷ್ ಹುಡುಗಿಯರೂ ಇದ್ದರು. ಅವರ ಮದುವೆಗೆ ಮೇಲಧಿಕಾರಿಗಳು ಸಾಮಾನ್ಯವಾಗಿ ಅಪ್ಪಣೆ ಕೊಡುತ್ತಿರಲಿಲ್ಲ. ಅಮೆರಿಕದ ಹಲವು ಸಂಸ್ಥಾನಗಳಲ್ಲಿ ಅಂತಹ ಮದುವೆಯೇ ಅಪರಾಧ. ೧೯೬೭ರಲ್ಲಿ ಅಲ್ಲಿನ ಸುಪ್ರೀಮ್ ಕೋರ್ಟು ತೀರ್ಪು ಕೊಡುವವರೆಗೂ ಆ ನಿಷೇಧಗಳು ಉಳಿದವು. ಆ ಹುಡುಗಿಯರ ಮಕ್ಕಳು ತಂದೆಯ ಹೆಸರಿಲ್ಲದೆ ಬ್ರಿಟನ್ನಿನಲ್ಲಿಯೇ ಬೆಳೆದರು. ಯುದ್ಧವಧುಗಳ ಚರಿತ್ರೆಯನ್ನು ಬರೆಯುವಾಗ ವಧುವಾಗಲು ಬಿಡದ ಇವರನ್ನು ಮರೆತರೆ ಆ ಚರಿತ್ರೆ ಅರ್ಧವಾದೀತು.

ಮತ್ತೆ ಕೆನಡಾಕ್ಕೆ ಬರೋಣ. ಯುದ್ಧ ಮುಗಿದ ಮೇಲೆ ಹಡಗುಗಳಲ್ಲಿ ಮೊದಲ ಸ್ಥಾನ ಮನೆಗೆ ಹಿಂದಿರುಗುವ ಸೈನಿಕರಿಗೆ. ಹೆಂಡಿರು ತವರಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಕಾದರು. ೧೯೪೬ನೆಯ ಫೆಬ್ರವರಿಯಲ್ಲಿ ‘ಮಾರೆಟಾನಿಯಾ’ ಎಂಬ ದೊಡ್ಡ ಹಡಗು ಒಂಬೈನೂರಕ್ಕೂ ಹೆಚ್ಚು ತಾಯಂದಿರು ಮಕ್ಕಳನ್ನು ಹೊತ್ತು ಲಿವರ್‌ಪೂಲಿನಿಂದ ಹೊರಟು ಹ್ಯಾಲಿಫ್ಯಾಕ್ಸ್ ಬಂದರಿಗೆ ಬಂದಿತು. ಅಲ್ಲಿಂದ ಮುಂದೆ ವರ್ಷವಿಡೀ ‘ಕ್ವೀನ್ ಮೇರಿ’, ‘ಅಕ್ವಿಟಾನಿಯಾ’, ‘ಲೆಟಿಷಿಯಾ’ ಮೊದಲಾದ ಹಡಗುಗಳು ಒಂದರ ಹಿಂದೊಂದು ಹೋದವು. ಹೊರಡುವಾಗ ಕಟ್ಟೆಯ ಮೇಲೆ ಯಾರ ತಾಯಿ ಎಲ್ಲಿ ನಿಂತಿದ್ದಾಳೆ ಎಂದು ಕಾಣದಷ್ಟು ನೂಕುನುಗ್ಗಲು. ಹಲವರಿಗೆ ತಾಯಿಯನ್ನು ಕಂಡದ್ದು ಅದೇ ಕಡೆಯ ಸಲವಾಯಿತು.

ಹಡಗಿನಲ್ಲಿ ಒಂದು ವಿಚಿತ್ರ ನಡೆಯಿತು. ಮೊದಲ ಊಟಕ್ಕೆ ಕುಳಿತ ಹೆಂಗಸರ ಮುಂದೆ ಬೆಳ್ಳನೆಯ ಬ್ರೆಡ್ಡು, ಬೆಣ್ಣೆ, ಮಾಂಸ, ಕಿತ್ತಳೆ ಹಣ್ಣು ಬಂದವು. ೧೯೪೦ರ ಜನವರಿಯಿಂದ ರೇಷನ್ ಚೀಟಿಯಲ್ಲಿ ಬದುಕಿದವರು ಅವರು. ಯುದ್ಧಕಾಲದ ಮಬ್ಬುಬಣ್ಣದ ಬ್ರೆಡ್ಡನ್ನೂ ಮೊಟ್ಟೆಯ ಪುಡಿಯನ್ನೂ ತಿಂದು ಬಂದವರು. ಕೆಲವರ ಕಣ್ಣಲ್ಲಿ ನೀರು ಬಂದಿತು. ತಮಗೆ ಸಿಕ್ಕಿದ್ದು ಹಿಂದೆ ಬಿಟ್ಟುಬಂದ ತಾಯಿಗೆ ಸಿಗದಲ್ಲ ಎಂದು ಅತ್ತವರೂ ಉಂಟು. ಆ ಮೇಲೆ ಅಟ್ಲಾಂಟಿಕ್ಕಿನ ಚಳಿಗಾಲದ ಅಲೆ ಎದ್ದಿತು. ಒಂದೊಂದು ಕೋಣೆಯಲ್ಲಿ ಹಲವು ತಾಯಂದಿರು, ಅವರ ಕೂಸುಗಳು, ಹಗ್ಗ ಕಟ್ಟಿ ಒಣಗಹಾಕಿದ ಮಕ್ಕಳ ಬಟ್ಟೆ, ಎಲ್ಲರಿಗೂ ವಾಂತಿ. ಕೆನಡಾದ ರೆಡ್ ಕ್ರಾಸಿನ ಮಹಿಳೆಯರು ಜೊತೆಗಿದ್ದು ಮಕ್ಕಳನ್ನು ಎತ್ತಿಕೊಂಡು, ಹಾಲು ಕಾಯಿಸಿ ಕೊಟ್ಟು, ಅಳುವವರನ್ನು ಸಮಾಧಾನಪಡಿಸಿದರು. ಸೊಸೆಯನ್ನು ಮನೆದುಂಬಿಸಿಕೊಳ್ಳುವ ಕೆಲಸವನ್ನು ಅತ್ತೆಗಿಂತ ಮೊದಲು ಮಾಡಿದವರು ಇವರೇ.

ಹ್ಯಾಲಿಫ್ಯಾಕ್ಸಿನಲ್ಲಿ ಇಳಿದ ಕಟ್ಟೆಯ ಹೆಸರು ‘ಪಿಯರ್ ೨೧’. ೧೯೨೮ರಿಂದ ೧೯೭೧ರವರೆಗೆ ಕೆನಡಾಕ್ಕೆ ಹಡಗಿನಲ್ಲಿ ಬಂದ ಲಕ್ಷಾಂತರ ಜನರ ಹೆಬ್ಬಾಗಿಲು ಅದು. ಸೈನ್ಯದ ವಾದ್ಯದವರು ಸ್ವಾಗತದ ರಾಗ ನುಡಿಸುವರು, ಕಾಗದಪತ್ರ ನೋಡುವರು, ಕೆಳಗೇ ರೈಲು ಸಿದ್ಧವಾಗಿ ನಿಂತಿರುವುದು. ಇಲ್ಲಿಗೆ ಪ್ರಯಾಣ ಮುಗಿಯಿತೆಂದು ತಿಳಿದ ವಧುವಿಗೆ ಅರ್ಧ ಪ್ರಯಾಣ ಇನ್ನೂ ಉಳಿದಿದೆಯೆಂದು ಆಗ ತಿಳಿಯುವುದು. ಇಂಗ್ಲೆಂಡಿನಲ್ಲಿ ಬೆಳಗ್ಗೆ ರೈಲು ಹತ್ತಿದರೆ ಸಂಜೆಗೆ ನೆಲವೇ ಮುಗಿದು ಕಡಲು ಬರುತ್ತದೆ. ಇಲ್ಲಿ ಹ್ಯಾಲಿಫ್ಯಾಕ್ಸಿನಿಂದ ವ್ಯಾಂಕೂವರಿಗೆ ಐದಾರು ದಿನ. ಕಿಟಕಿಯಲ್ಲಿ ಒಂದು ದಿನವೆಲ್ಲ ಕಾಡು, ಮರುದಿನವೆಲ್ಲ ಕಾಡು, ಆಮೇಲೆ ಎರಡು ದಿನ ಮರವೇ ಇಲ್ಲದ ಹಿಮದ ಬಯಲು. ಮಧ್ಯರಾತ್ರಿಯಲ್ಲಿ ರೈಲು ಒಂದು ಕೆರೆಯ ಬದಿಯಲ್ಲೋ ಬರಿಯ ಹಲಗೆಯ ಕಟ್ಟೆಯ ಬಳಿಯಲ್ಲೋ ನಿಲ್ಲುವುದು. ಲಾಟೀನು ಹಿಡಿದ ಗಂಡಸೊಬ್ಬ, ಜೊತೆಯಲ್ಲಿ ವಯಸ್ಸಾದ ಹೆಂಗಸು. ಇಳಿದವಳು ಗಂಡನನ್ನು ಸಮವಸ್ತ್ರವಿಲ್ಲದೆ ನೋಡುವುದು ಅದೇ ಮೊದಲು. ಗುರುತು ಹಿಡಿಯಲು ಗಳಿಗೆ ಬೇಕು. ಉಳಿದವರು ಕಿಟಕಿಗೆ ಮುಖವಿಟ್ಟು, ನನ್ನ ಪಾಲಿಗೆ ಎಂತಹ ಊರು ಬರುವುದೋ ಎಂದು ನೋಡುತ್ತಿರುವರು.

“ದೂರದ ಬೆಟ್ಟ ನುಣ್ಣಗೆ” ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು. ತರುಣ ಸೈನಿಕರು ತಮ್ಮ ಊರನ್ನು ನೆನೆದು ಕೊಚ್ಚಿಕೊಂಡಿದ್ದರು. ದೊಡ್ಡ ಜಮೀನು ಎಂದದ್ದು ಕಲ್ಲುನೆಲವಾಗಿರುವುದು, ದೊಡ್ಡ ಮನೆ ಎಂದದ್ದು ಮರದ ದಿಮ್ಮಿಯ ಎರಡು ಕೋಣೆಯಾಗಿರುವುದು. ಎಲ್ಲರೂ ಬೇಕೆಂದು ಸುಳ್ಳಾಡಿದವರಲ್ಲ. ಪರದೇಶದಲ್ಲಿ ಕುಳಿತು ನೆನೆದಾಗ ಯಾರ ಊರು ಚೆನ್ನಾಗಿ ಕಾಣುವುದಿಲ್ಲ? ಇದು ನಮಗೂ ಗೊತ್ತಿರುವ ದೌರ್ಬಲ್ಯವೇ. ಆದರೆ ಲಂಡನ್ನಿನಲ್ಲಿ ಗುಂಡಿಯೊತ್ತಿ ದೀಪ ಹಚ್ಚಿ ಬೆಳೆದ ಹುಡುಗಿ, ವಿದ್ಯುತ್ತಿಲ್ಲದ, ನಲ್ಲಿಯಿಲ್ಲದ, ಪಾಯಿಖಾನೆ ಹಿತ್ತಿಲ ಹಿಮದಲ್ಲಿರುವ ಮನೆಗೆ ಬಂದಳು. ಬಾವಿಯ ನೀರು ಸೇದಬೇಕು, ಕಟ್ಟಿಗೆಯ ಒಲೆ ಊದಬೇಕು, ಹಸು ಕರೆಯಬೇಕು. ಬಯಲುಸೀಮೆಯ ಚಳಿ ಸೊನ್ನೆಯ ಕೆಳಗೆ ನಲವತ್ತು ಡಿಗ್ರಿಗೆ ಇಳಿಯುವುದುಂಟು. ಒಗೆದ ಬಟ್ಟೆಯನ್ನು ಹೊರಗೆ ಹಾಕಿದರೆ ಹಲಗೆಯಂತೆ ಸೆಟೆದು ನಿಲ್ಲುವುದು. ಈಟನ್ ಕಂಪೆನಿಯ ಕ್ಯಾಟಲಾಗೊಂದೇ ಆ ಹಳ್ಳಿಗಳಿಗೆ ಪೇಟೆ. ಅದನ್ನು ನೋಡಿ ಅಂಚೆಯಲ್ಲಿ ಬೂಟು, ಕೋಟು, ಕೂಸಿನ ಟೋಪಿ ತರಿಸಬೇಕು.

ಯುದ್ಧಾನಂತರ ಪಟ್ಟಣಗಳಲ್ಲಿ ಮನೆಗಳ ಅಭಾವ. ಆದುದರಿಂದ ಬಹುಮಂದಿಗೆ ಮೊದಲ ವರ್ಷ ಅತ್ತೆಯ ಮನೆಯಲ್ಲಿಯೇ ವಾಸ. ಇಂಗ್ಲೆಂಡಿನಲ್ಲಿ ಅವಿಭಕ್ತ ಕುಟುಂಬದ ರೂಢಿಯಿಲ್ಲ. ನಮ್ಮ ಹುಡುಗಿಯರಿಗೆ ಹೇಳಿಕೊಡುವಂತೆ “ಹೊಂದಿಕೊಂಡು ಹೋಗು” ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅತ್ತೆಯ ದೃಷ್ಟಿಯಿಂದಲೂ ನೋಡಬೇಕು. ಮಗನಿಗಾಗಿ ಆರು ವರ್ಷ ಕಾದವಳು ಅವಳು. ಊರಿನಲ್ಲಿ ಅವನಿಗೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದ ಹುಡುಗಿಯೂ ಇದ್ದಿರಬಹುದು. ಬಂದ ಸೊಸೆಗೆ ರೊಟ್ಟಿ ಸುಡಲು ಬಾರದು, ಮಾತು ಮಾತಿಗೆ ಚಹಾ ಬೇಕು. ಭಾಷೆ ಒಂದೇ ಎಂಬ ಧೈರ್ಯವೂ ಕೈಕೊಡುತ್ತಿತ್ತು. ಇಂಗ್ಲೆಂಡಿನಲ್ಲಿ ‘ಹೋಮ್ಲಿ’ ಎಂದರೆ ಮನೆಯಂತೆ ಹಿತವಾದದ್ದು ಎಂದರ್ಥ; ಕೆನಡಾದಲ್ಲಿ ಒಬ್ಬಳನ್ನು ಹಾಗೆಂದರೆ ರೂಪವಿಲ್ಲದವಳು ಎಂದಾಗುತ್ತದೆ. ಹೊಗಳಿದೆನೆಂದುಕೊಂಡ ಸೊಸೆಯ ಮಾತಿಗೆ ಅತ್ತೆಯ ಮುಖ ಕಪ್ಪಾಗುವುದು. ಧಾರವಾಡದ ಸೊಸೆ ಮೈಸೂರಿನ ಮನೆಗೆ ಬಂದಾಗಿನ ನಗೆಪಾಟಲುಗಳನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಭಾಷೆಯೇ ಬೇರೆಯಾದವರ ಪಾಡು ಇನ್ನೂ ಕಠಿಣ. ಕ್ವಿಬೆಕ್ ಪ್ರಾಂತಕ್ಕೆ ಹೋದವಳಿಗೆ ಅತ್ತೆಮನೆಯಲ್ಲಿ ಫ್ರೆಂಚ್ ಬಿಟ್ಟು ಬೇರೆ ಮಾತಿಲ್ಲ, ಮತವೂ ಕೆಥೊಲಿಕ್. ಅಲ್ಲಿನ ಕಾನೂನಿನಲ್ಲಿ ವಿವಾಹಿತ ಸ್ತ್ರೀಗೆ ಗಂಡನ ಸಮ್ಮತಿಯಿಲ್ಲದೆ ಕರಾರು ಮಾಡುವ ಅಧಿಕಾರ ಕೂಡ ಇರಲಿಲ್ಲ. ಆ ಕಾನೂನು ಬದಲಾದದ್ದು ೧೯೬೪ರಲ್ಲಿ. ಯುದ್ಧಕಾಲದಲ್ಲಿ ಟ್ರಕ್ಕು ನಡೆಸಿದ ಕೈ ಈಗ ಒಂದು ಕಾಗದಕ್ಕೆ ಸಹಿ ಹಾಕಲೂ ಗಂಡನನ್ನು ಕೇಳಬೇಕು. ಕೆನಡಾದ ಮೂಲನಿವಾಸಿ ಸೈನಿಕರನ್ನು ಮದುವೆಯಾದವರ ವಿಷಯ ಮತ್ತೂ ಸೋಜಿಗದ್ದು. ಆಗಿನ ಕಾಯಿದೆಯ ಪ್ರಕಾರ ಮೂಲನಿವಾಸಿಯ ಕೈಹಿಡಿದ ಆಂಗ್ಲ ಹುಡುಗಿ ತಾನೂ ಕಾನೂನಿನ ಕಣ್ಣಿಗೆ ಮೂಲನಿವಾಸಿಯೇ ಆಗಿಬಿಡುತ್ತಿದ್ದಳು. ಆದರೆ ಅದೇ ಪಂಗಡದಲ್ಲಿ ಹುಟ್ಟಿದ ಹೆಣ್ಣು ಹೊರಗಿನವನನ್ನು ಮದುವೆಯಾದರೆ ತನ್ನ ಹಕ್ಕನ್ನು ಕಳೆದುಕೊಳ್ಳುತ್ತಿದ್ದಳು. ೧೯೮೫ರಲ್ಲಿ ಈ ನಿಯಮ ಬದಲಾಯಿತು. ಹೆಣ್ಣಿಗೆ ಸ್ವಂತ ಕುಲವಿಲ್ಲ, ಗಂಡನ ಕುಲವೇ ಕುಲ ಎಂಬುದು ನಮ್ಮ ಪೂರ್ವಿಕರ ಅಭಿಪ್ರಾಯ ಮಾತ್ರವಲ್ಲ ಎಂಬುದನ್ನು ಇದರಿಂದ ತಿಳಿಯಬಹುದು.

ತವರಿನ ನಂಟು ಉಳಿದದ್ದು ಕಾಗದಗಳಲ್ಲಿ. ಅಟ್ಲಾಂಟಿಕ್ಕಿನ ತಳದಲ್ಲಿ ಮೊದಲ ಟೆಲಿಫೋನ್ ತಂತಿ ಕೆಲಸ ಆರಂಭಿಸಿದ್ದು ೧೯೫೬ನೆಯ ಸೆಪ್ಟೆಂಬರಿನಲ್ಲಿ. ಅದಕ್ಕೂ ಮೊದಲು ರೇಡಿಯೋ ಮೂಲಕ ಮಾತನಾಡುವುದು ಸಾಮಾನ್ಯ ಸಂಸಾರದ ಕೈಗೆಟುಕುವ ಮಾತಲ್ಲ. ತಂದೆ ಸತ್ತ ಸುದ್ದಿ ಹೂಳಿದ ಎಷ್ಟೋ ದಿನಗಳ ಮೇಲೆ ಬರುವುದು. ಕಾಗದ ಬರೆಯುವವಳು ನಿಜ ಬರೆಯುತ್ತಿದ್ದಳೆಂದೂ ಹೇಳಲಾಗದು. ತಾಯಿ ನೊಂದಾಳೆಂದು ಕಷ್ಟವನ್ನು ಬಚ್ಚಿಟ್ಟು “ಎಲ್ಲರೂ ಕ್ಷೇಮ” ಎಂದು ಬರೆಯುವುದು ಕೇವಲ ನಮ್ಮ ಹೆಣ್ಣುಮಕ್ಕಳ ಅಭ್ಯಾಸವಲ್ಲ. ಇಂಗ್ಲೆಂಡಿನಲ್ಲಿ ರೇಷನ್ ೧೯೫೪ರವರೆಗೂ ಪೂರ್ತಿ ಹೋಗಿರಲಿಲ್ಲವಾದ್ದರಿಂದ ಮಗಳು ತವರಿಗೆ ಆಹಾರದ ಪೊಟ್ಟಣ ಕಳುಹಿಸುವಳು. ತವರಿನವರು ಅವಳಿಗೆ ಊರಿನ ವೃತ್ತಪತ್ರಿಕೆಯನ್ನು ಸುತ್ತಿ ಕಳುಹಿಸುವರು. ಮರಳಿ ಒಮ್ಮೆ ತವರನ್ನು ಕಾಣಲು ಹಲವರಿಗೆ ಹತ್ತು ಹದಿನೈದು ವರ್ಷವೇ ಹಿಡಿಯಿತು.

ಎಲ್ಲರ ಸಂಸಾರವೂ ನಿಲ್ಲಲಿಲ್ಲ. ಹಡಗು ಹತ್ತುವ ಮೊದಲೇ “ನೀನು ಬರಬೇಡ” ಎಂಬ ಕಾಗದ ಬಂದವರಿದ್ದರು. ಗಂಡನಿಗೆ ಮೊದಲೇ ಹೆಂಡತಿಯಿದ್ದುದು ಆಮೇಲೆ ತಿಳಿದವರಿದ್ದರು. ಕಟ್ಟೆಯಲ್ಲಿ ಇಳಿದಾಗ ಎದುರುಗೊಳ್ಳಲು ಯಾರೂ ಬಾರದವರಿದ್ದರು. ಕುಡಿತವಿತ್ತು, ಯುದ್ಧದ ನೆನಪಿನಿಂದ ರಾತ್ರಿ ಬೆಚ್ಚಿ ಏಳುವ ಗಂಡಂದಿರಿದ್ದರು. ಆಗಿನ ಕಾಲದಲ್ಲಿ ಅದಕ್ಕೆ ಸರಿಯಾದ ಮದ್ದಿರಲಿಲ್ಲ. ಕೆಲವರು ತವರಿಗೆ ಮರಳಿದರು. ಸರ್ಕಾರ ಕರೆತರುವ ಖರ್ಚು ಕೊಟ್ಟಿತ್ತು. ಮರಳುವ ಖರ್ಚು ಕೊಡುವವರಿರಲಿಲ್ಲ. ಮರಳಲಾರದೆ ಉಳಿದವರ ನಿಟ್ಟುಸಿರು ಯಾವ ಲೆಕ್ಕದಲ್ಲಿಯೂ ಸೇರಿಲ್ಲ. ಆದರೂ ಬಹುಸಂಖ್ಯೆಯವರು ನೆಲೆನಿಂತರು, ಮಕ್ಕಳುಮರಿಗಳನ್ನು ಬೆಳೆಸಿದರು ಎಂಬುದೂ ಅಷ್ಟೇ ಸತ್ಯ. ವಿಧವೆಯರಾಗಿಯೂ ಹಡಗು ಹತ್ತಿದವರುಂಟು. ಗಂಡ ರಣದಲ್ಲಿ ಮಡಿದಿದ್ದರೂ ಅವನ ಮಗುವನ್ನು ಅವನ ತಾಯಿಯ ತೊಡೆಯ ಮೇಲೆ ಹಾಕಬೇಕೆಂದು ಬಂದವರು ಅವರು.

ಹೆಸರು ಮಾಡಿದ ಇಬ್ಬರನ್ನು ಇಲ್ಲಿ ನೆನೆಯಬಹುದು. ಒಬ್ಬಳು ಜೋನ್ ವಾಕರ್. ಲಂಡನ್ನಿನಲ್ಲಿ ಪತ್ರಿಕೆಗಳಿಗೆ ಬರೆಯುತ್ತಿದ್ದ ಈಕೆ ಮದುವೆಯಾಗಿ ಬಂದದ್ದು ಕ್ವಿಬೆಕಿನ ವಾಲ್‌ದೋರ್ ಎಂಬ ಚಿನ್ನದ ಗಣಿಯ ಊರಿಗೆ. ಅಲ್ಲಿ ತಾನು ಪಟ್ಟ ಪಾಡನ್ನೆಲ್ಲ ಅಳದೆ ನಗುತ್ತ ‘ಪಾರ್ಡನ್ ಮೈ ಪಾರ್ಕಾ’ ಎಂಬ ಪುಸ್ತಕವಾಗಿ ಬರೆದಳು. ಪಾರ್ಕಾ ಎಂದರೆ ಆ ಸೀಮೆಯ ಟೋಪಿಕೂಡಿದ ದಪ್ಪ ಕೋಟು. ಈ ಪುಸ್ತಕಕ್ಕೆ ೧೯೫೪ರಲ್ಲಿ ಕೆನಡಾದ ಹಾಸ್ಯಸಾಹಿತ್ಯದ ದೊಡ್ಡ ಬಹುಮಾನವಾದ ಸ್ಟೀಫನ್ ಲೀಕಾಕ್ ಪದಕ ದೊರೆಯಿತು. ಬಂದ ಕೆಲವೇ ವರ್ಷಗಳಲ್ಲಿ, ಹೊರಗಿನಿಂದ ಬಂದ ಸೊಸೆ ಆ ನಾಡನ್ನು ಆ ನಾಡಿನವರಿಗೇ ತೋರಿಸಿ ನಗಿಸಿದಳು.

ಇನ್ನೊಬ್ಬಳು ಬೆಟ್ಟಿ ಆಲಿಫೆಂಟ್. ೧೯೧೮ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವಳು. ನೃತ್ಯ ಕಲಿತು, ಕಲಿಸುತ್ತಿದ್ದವಳು. ಕೆನಡಾದವನ ಕೈಹಿಡಿದು ೧೯೪೭ರಲ್ಲಿ ಟೊರಾಂಟೊ ನಗರಕ್ಕೆ ಬಂದಳು. ದಾಂಪತ್ಯ ಬಾಳಲಿಲ್ಲ. ಪರದೇಶದಲ್ಲಿ ಒಂಟಿಯಾದವಳು ತವರಿಗೆ ಮರಳುವಳೆಂದು ಯಾರಾದರೂ ಎಣಿಸಬಹುದಾಗಿತ್ತು. ಆಕೆ ಮರಳಲಿಲ್ಲ, ತನಗೆ ಗೊತ್ತಿದ್ದ ವಿದ್ಯೆಯನ್ನೇ ನಂಬಿ ನೃತ್ಯಶಾಲೆ ತೆರೆದಳು. ೧೯೫೧ರಲ್ಲಿ ಇನ್ನೊಬ್ಬ ಆಂಗ್ಲ ಮಹಿಳೆ ಸೆಲಿಯಾ ಫ್ರಾಂಕಾ ಕೆನಡಾದ ರಾಷ್ಟ್ರೀಯ ಬ್ಯಾಲೆ ತಂಡವನ್ನು ಕಟ್ಟಿದಾಗ ಆಲಿಫೆಂಟ್ ಅದರ ನರ್ತಕರಿಗೆ ಶಿಕ್ಷಕಿಯಾದಳು. ೧೯೫೯ರಲ್ಲಿ ಇಬ್ಬರೂ ಸೇರಿ ಟೊರಾಂಟೊದಲ್ಲಿ ರಾಷ್ಟ್ರೀಯ ಬ್ಯಾಲೆ ಶಾಲೆಯನ್ನು ಸ್ಥಾಪಿಸಿದರು. ಆಲಿಫೆಂಟ್ ೧೯೮೯ರವರೆಗೆ ಅದನ್ನು ನಡೆಸಿದಳು. ನೃತ್ಯದೊಡನೆ ಓದುಬರಹವನ್ನೂ ಒಂದೇ ಸೂರಿನಡಿ ಕಲಿಸುವ ಶಾಲೆ ಅದು. ಕ್ಯಾರೆನ್ ಕೇನ್, ವೆರೋನಿಕಾ ಟೆನ್ನೆಂಟ್ ಮೊದಲಾದ ಪ್ರಸಿದ್ಧ ನರ್ತಕಿಯರು ಅಲ್ಲಿಂದ ಬಂದವರು. ೨೦೦೪ರಲ್ಲಿ ಆಕೆ ತೀರಿಕೊಂಡಾಗ ಕೆನಡಾ ಅವಳನ್ನು ತನ್ನ ನೃತ್ಯಕಲೆಯ ತಾಯಂದಿರಲ್ಲಿ ಒಬ್ಬಳೆಂದು ನೆನೆಯಿತು. ಮದುವೆ ಅವಳನ್ನು ಆ ನಾಡಿಗೆ ತಂದಿತು; ಆ ನಾಡಿನಲ್ಲಿ ನಿಲ್ಲಿಸಿದ್ದು ಅವಳ ದುಡಿಮೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇವರು ಒಳಗಿನವರಾದದ್ದು ಯಾವಾಗ? ಬಂದಾಗ ಬ್ರಿಟನ್ನಿನವರೂ ಕೆನಡಾದವರೂ ಒಂದೇ ಚಕ್ರಾಧಿಪತ್ಯದ ಪ್ರಜೆಗಳು. ಕೆನಡಾದ ಪೌರತ್ವ ಎಂಬುದೇ ಪ್ರತ್ಯೇಕವಾಗಿ ಇರಲಿಲ್ಲ. ಗಂಡನ ಸ್ಥಾನವೇ ಹೆಂಡತಿಗೂ ಮಕ್ಕಳಿಗೂ ಎಂದು ಸರ್ಕಾರ ತಿಳಿಸಿತ್ತು. ೧೯೪೭ನೆಯ ಜನವರಿ ೧ರಿಂದ ಕೆನಡಾದ ಪೌರತ್ವ ಕಾಯಿದೆ ಜಾರಿಗೆ ಬಂದಿತು. ತಾವು ಪೌರರೆಂದೇ ನಂಬಿ ಇವರು ಬಾಳಿದರು. ತೆರಿಗೆ ಕೊಟ್ಟರು, ಮತ ಹಾಕಿದರು. ಆದರೆ ಕಾಯಿದೆಯ ಮೂಲೆಗಳಲ್ಲಿ ಹಲವು ಸಿಕ್ಕುಗಳಿದ್ದವು. ಕಡಲಾಚೆ ಹುಟ್ಟಿದ ಮಗು ಇಪ್ಪತ್ನಾಲ್ಕನೆಯ ವಯಸ್ಸಿನ ವೇಳೆಗೆ ಕೆನಡಾದಲ್ಲಿ ನೆಲೆಸಿರಬೇಕು, ಇಲ್ಲವೇ ಅರ್ಜಿ ಕೊಡಬೇಕು. ಇಲ್ಲವಾದರೆ ಪೌರತ್ವ ಹೋಗುವುದು. ತಾಯಿ ತಂದೆ ಮದುವೆಯಾಗುವ ಮೊದಲು ಮಗು ಹುಟ್ಟಿದ್ದರೆ ಬೇರೆ ತೊಡಕು. ಇವೆಲ್ಲ ಇವರಿಗೆ ಗೊತ್ತೇ ಇರಲಿಲ್ಲ.

ಗೊತ್ತಾದದ್ದು ಮುಪ್ಪಿನಲ್ಲಿ. ೨೦೦೭ರಿಂದ ಅಮೆರಿಕಕ್ಕೆ ಹೋಗಿಬರುವ ಕೆನಡಿಯನ್ನರಿಗೂ ಪಾಸ್‌ಪೋರ್ಟ್ ಬೇಕೆಂಬ ನಿಯಮ ಬಂದಿತು. ಅರ್ಜಿ ಹಾಕಿದವರಲ್ಲಿ ಎಷ್ಟೋ ಮಂದಿಗೆ, ಕೆಲವು ಯುದ್ಧವಧುಗಳಿಗೂ ಅವರ ಮಕ್ಕಳಿಗೂ, “ನೀವು ಈ ದೇಶದ ಪೌರರೇ ಅಲ್ಲ” ಎಂಬ ಉತ್ತರ ದೊರೆಯಿತು. ತಾಯಿಯ ತೊಡೆಯ ಮೇಲೆ ಕುಳಿತು ಪಿಯರ್ ೨೧ರಲ್ಲಿ ಇಳಿದ ಕೂಸುಗಳು ಅಷ್ಟುಹೊತ್ತಿಗೆ ಅರುವತ್ತು ದಾಟಿದ ಅಜ್ಜ ಅಜ್ಜಿಯರು. ‘ಕಳೆದುಹೋದ ಕೆನಡಿಯನ್ನರು’ ಎಂದು ಅವರಿಗೆ ಹೆಸರಾಯಿತು. ಕೆಲವರು ನ್ಯಾಯಾಲಯಕ್ಕೆ ಹೋದರು, ಪತ್ರಿಕೆಗಳಲ್ಲಿ ಬರೆದರು, ಶಾಸನಸಭೆಯ ಬಾಗಿಲು ತಟ್ಟಿದರು. ೨೦೦೯ನೆಯ ಏಪ್ರಿಲ್ ೧೭ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಬಹಳ ಮಂದಿಗೆ ಪೌರತ್ವ ಮರಳಿತು. ೧೯೪೭ಕ್ಕೆ ಮುಂಚಿನ ಕಾಲದ ತೊಡಕಿನಲ್ಲಿ ಸಿಕ್ಕಿದ್ದವರಿಗೆ, ಯುದ್ಧವಧುಗಳಿಗೂ ಸೇರಿ, ೨೦೧೫ನೆಯ ಜೂನ್ ೧೧ರಂದು ಬಿಡುಗಡೆಯಾಯಿತು. ಹಡಗು ಹತ್ತಿ ಅಷ್ಟುಹೊತ್ತಿಗೆ ಅರುವತ್ತೊಂಬತ್ತು ವರ್ಷ. ಬಹಳಷ್ಟು ಮಂದಿ ಆ ದಿನವನ್ನು ಕಾಣಲು ಉಳಿದಿರಲಿಲ್ಲ.

ಗೌರವವೂ ತಡವಾಗಿಯೇ ಬಂದಿತು. ೧೯೭೦ರ ದಶಕದಲ್ಲಿ, ಮಕ್ಕಳು ಬೆಳೆದು ಮನೆ ಬರಿದಾದ ಮೇಲೆ, ಈ ಸ್ತ್ರೀಯರು ಪ್ರಾಂತಪ್ರಾಂತಗಳಲ್ಲಿ ತಮ್ಮದೇ ಸಂಘಗಳನ್ನು ಕಟ್ಟಿಕೊಂಡರು. ವರ್ಷಕ್ಕೊಮ್ಮೆ ಕೂಡಿ ಚಹಾ ಕುಡಿದು, ಹಳೆಯ ಹಾಡು ಹಾಡಿ, ಯಾರ ಹಡಗು ಯಾವುದು ಎಂದು ಕೇಳಿಕೊಂಡು, ನಕ್ಕು ಅತ್ತು ಮನೆಗೆ ಹೋಗುತ್ತಿದ್ದರು. ೨೦೦೬ನೆಯ ವರ್ಷವನ್ನು ನ್ಯೂ ಬ್ರನ್ಸ್‌ವಿಕ್ ಮೊದಲಾದ ಪ್ರಾಂತಗಳು ಯುದ್ಧವಧುಗಳ ವರ್ಷವೆಂದು ಆಚರಿಸಿದವು. ಪಿಯರ್ ೨೧ರ ಹಳೆಯ ಕಟ್ಟಡ ಈಗ ವಲಸೆಯ ವಸ್ತುಸಂಗ್ರಹಾಲಯವಾಗಿದೆ. ಅವರಲ್ಲಿ ಇನ್ನೂ ಬದುಕಿರುವವರು ಇಂದು ನೂರರ ಆಸುಪಾಸಿನವರು.

ಆ ಸಂಘಗಳ ವಿಷಯ ಓದುವಾಗ ನಮ್ಮ ಸಂಘವೇ ಕಣ್ಣ ಮುಂದೆ ಬರುತ್ತದೆ. ಸ್ವಂತ ದೇಶದೊಳಗೇ ಊರು ಬಿಟ್ಟು ಬಂದ ನಮ್ಮ ಕಷ್ಟ ಅವರದರಷ್ಟು ದೊಡ್ಡದಲ್ಲ. ನಮ್ಮ ಪೌರತ್ವವನ್ನು ಯಾರೂ ಕೇಳಲಿಲ್ಲ, ಒಂದು ರಾತ್ರಿಯ ರೈಲಿನಲ್ಲಿ ನಮ್ಮ ತವರು ಸಿಕ್ಕುತ್ತದೆ. ಆದರೂ ನಮ್ಮ ಹೆಂಗಸರು ಪರಊರಿನ ಒಲೆಯ ಮೇಲೆ ಮಾಡಿದ ಹುಳಿಗೂ, ಆ ಹೆಂಗಸರು ಹಿಮದ ನಾಡಿನಲ್ಲಿ ಮಾಡಿದ ಕ್ರಿಸ್ಮಸ್ ಪುಡಿಂಗಿಗೂ ಅರ್ಥ ಒಂದೇ. ಅವರು ಕೊನೆಯವರೆಗೂ ಚಹಾವನ್ನು ಬಿಡಲಿಲ್ಲ, ಮಾತಿನ ಧಾಟಿಯನ್ನು ಬಿಡಲಿಲ್ಲ. ಹಾಗೆಂದು ಕೆನಡಾಕ್ಕೆ ಕಡಿಮೆಯವರಾಗಲಿಲ್ಲ. ತವರನ್ನು ಮರೆತರೆ ಮಾತ್ರ ಹೊಸ ನಾಡು ಒಲಿಯುವುದೆಂಬುದು ಸುಳ್ಳು ಎಂಬುದಕ್ಕೆ ಅವರ ಬಾಳೇ ಸಾಕ್ಷಿ.

ಒಳಗಿನವಳಾಗುವುದು ಯಾವಾಗ? ಕಚೇರಿಯ ಕಾಗದದಲ್ಲಿ ಹುಡುಕಿದರೆ ೨೦೧೫ ಎಂಬ ಉತ್ತರವೂ ಸಿಕ್ಕೀತು. ಆದರೆ ಆ ಕಾಗದ ಬರುವ ಎಷ್ಟೋ ಮೊದಲೇ ಅವರು ಆ ನೆಲದಲ್ಲಿ ಮಕ್ಕಳನ್ನು ಹೆತ್ತಿದ್ದರು, ಗಂಡನನ್ನು ಮಣ್ಣುಮಾಡಿದ್ದರು, ನೆರೆಯವಳ ಹೆರಿಗೆಗೆ ಹಿಮದಲ್ಲಿ ನಡೆದು ಹೋಗಿದ್ದರು. ನವೆಂಬರ್ ಒಂದರಂದು ನಾವು ಕೂಡಿ ನಾಡಹಬ್ಬ ಮಾಡುವಾಗ, ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ನಮ್ಮ ಹಿರಿಯ ತಾಯಂದಿರನ್ನು ಒಮ್ಮೆ ಪಕ್ಕಕ್ಕೆ ಕರೆದು, “ಅಮ್ಮಾ, ನೀವು ಈ ಊರಿಗೆ ಬಂದ ದಿನ ಹೇಗಿತ್ತು?” ಎಂದು ಕೇಳಿರಿ. ಆ ಸ್ತ್ರೀಯರನ್ನು ಕೇಳುವುದಕ್ಕೆ ಆ ನಾಡು ಮೂವತ್ತು ವರ್ಷ ತಡಮಾಡಿತು. ನಾವು ತಡಮಾಡುವುದು ಬೇಡ.